ಹೆರಿಗೆಯ ನಂತರದ ಪೆರಿನಿಯಂ ಗಾಯ ಮತ್ತು ಬಾಣಂತಿಯ ನೈರ್ಮಲ್ಯ: ಯಾದಗಿರಿ, ಶಹಾಪುರ, ಸುರಪುರ

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಇರುವ ಚರ್ಮ ಮತ್ತು ಸ್ನಾಯುಗಳ ಭಾಗವನ್ನು ವೈದ್ಯಶಾಸ್ತ್ರದಲ್ಲಿ ಪೆರಿನಿಯಂ ಎನ್ನುತ್ತಾರೆ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಭಾಗ ಹಿಗ್ಗಿ ತಾನಾಗಿ ಹರಿಯಬಹುದು, ಇಲ್ಲವೇ ವೈದ್ಯರು ಅಥವಾ ದಾದಿಯರು ದಾರಿ ಅಗಲಿಸಲು ಅದನ್ನು ಕತ್ತರಿಸಬಹುದು. ಎರಡೂ ಸಂದರ್ಭಗಳಲ್ಲಿ ಉಂಟಾಗುವ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಬೇಕಾಗುತ್ತದೆ. ಹೊಲಿಗೆ ಹಾಕುವ ಕೆಲಸ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಹುಪಾಲು ಬೇಗನೆ ಮುಗಿಯುತ್ತದೆ. ಆದರೆ ಗಾಯ ಮಾಯುವುದು ಅನಂತರದ ವಾರಗಳಲ್ಲಿ, ಬಾಣಂತಿಯ ಮನೆಯಲ್ಲಿ. ಆದ್ದರಿಂದ ಗಾಯದ ಗತಿಯನ್ನು ನಿರ್ಧರಿಸುವಲ್ಲಿ ಹೊಲಿದವರ ಕೈಚಳಕದಷ್ಟೇ ಮನೆಯ ನೀರು, ಬಚ್ಚಲು, ಬಟ್ಟೆ, ಊಟ ಮತ್ತು ವಿಶ್ರಾಂತಿಗಳೂ ಪಾಲು ಪಡೆಯುತ್ತವೆ. ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಈ ಲೇಖನ ಪರಿಚಯಿಸುತ್ತದೆ.

ಗಾಯದ ಬಗೆಗಳು

ತಾನಾಗಿ ಆಗುವ ಸೀಳನ್ನು ಅದರ ಆಳಕ್ಕೆ ತಕ್ಕಂತೆ ನಾಲ್ಕು ದರ್ಜೆಗಳಾಗಿ ವಿಂಗಡಿಸಲಾಗುತ್ತದೆ. ಚರ್ಮ ಮಾತ್ರ ಹರಿದರೆ ಮೊದಲ ದರ್ಜೆ. ಪೆರಿನಿಯಂನ ಸ್ನಾಯುವೂ ಹರಿದರೆ ಎರಡನೆಯ ದರ್ಜೆ. ಮಲವನ್ನು ಹಿಡಿದಿಡುವ ಗುದದ ಬಿಗಿಸ್ನಾಯುವಿಗೆ ಪೆಟ್ಟಾದರೆ ಮೂರನೆಯ ದರ್ಜೆ. ಅದನ್ನೂ ದಾಟಿ ಗುದನಾಳದ ಒಳಪದರವೇ ಸೀಳಿದರೆ ನಾಲ್ಕನೆಯ ದರ್ಜೆ. ಮೊದಲ ದರ್ಜೆಯ ಸಣ್ಣ ಸೀಳು ರಕ್ತ ಸೋರದಿದ್ದರೆ ಹೊಲಿಗೆಯಿಲ್ಲದೆಯೂ ಕೂಡಿಕೊಳ್ಳುತ್ತದೆ. ಮೂರು ಮತ್ತು ನಾಲ್ಕನೆಯ ದರ್ಜೆಯ ಸೀಳುಗಳನ್ನು ತಜ್ಞವೈದ್ಯರೇ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಸರಿಪಡಿಸಬೇಕಾಗುತ್ತದೆ, ಏಕೆಂದರೆ ಅವನ್ನು ಗುರುತಿಸದೆ ಬಿಟ್ಟರೆ ಮಲ ಅಥವಾ ವಾಯುವನ್ನು ತಡೆದುಕೊಳ್ಳಲಾಗದ ತೊಂದರೆ ಹೆಣ್ಣಿನ ಬಾಳಿಡೀ ಉಳಿಯಬಹುದು.

ಉದ್ದೇಶಪೂರ್ವಕವಾಗಿ ಕತ್ತರಿಸುವ ಕ್ರಮಕ್ಕೆ ಎಪಿಸಿಯೊಟಮಿ ಎಂದು ಹೆಸರು. ಭಾರತದಲ್ಲಿ ಇದನ್ನು ಹೆಚ್ಚಾಗಿ ನಡುಗೆರೆಯಿಂದ ಓರೆಯಾಗಿ ಒಂದು ಬದಿಗೆ ಮಾಡುತ್ತಾರೆ. ನೇರವಾಗಿ ಕೆಳಕ್ಕೆ ಕತ್ತರಿಸಿದರೆ ಗಾಯ ಗುದದ ಬಿಗಿಸ್ನಾಯುವಿನತ್ತ ಹರಿಯುವ ಭಯ ಹೆಚ್ಚು. ಚೊಚ್ಚಲ ಹೆರಿಗೆಯೆಂದರೆ ಕತ್ತರಿಸಲೇಬೇಕು ಎಂಬ ತಿಳಿವಳಿಕೆ ಬಹುಕಾಲ ರೂಢಿಯಲ್ಲಿತ್ತು. ಆದರೆ ಸಹಜವಾಗಿ ನಡೆಯುವ ಹೆರಿಗೆಗಳಲ್ಲಿ ವಾಡಿಕೆಯಂತೆ ಎಲ್ಲರಿಗೂ ಎಪಿಸಿಯೊಟಮಿ ಮಾಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ಅದರ ಬದಲು ಹೆರಿಗೆಯ ಎರಡನೆಯ ಹಂತದಲ್ಲಿ ಪೆರಿನಿಯಂಗೆ ಬೆಚ್ಚನೆಯ ಬಟ್ಟೆ ಇಡುವುದು, ಮೃದುವಾಗಿ ನೀವುವುದು ಮುಂತಾದ ಕ್ರಮಗಳಿಂದ ಸೀಳುವಿಕೆಯನ್ನು ತಗ್ಗಿಸಬಹುದು ಎಂದು ಹೇಳಿದೆ. ಅನಗತ್ಯ ಗಾಯವನ್ನು ತಪ್ಪಿಸುವುದೇ ಗಾಯದ ಆರೈಕೆಯ ಮೊದಲ ಮೆಟ್ಟಿಲು.

ಗಾಯ ಮಾಯುವ ಕ್ರಮ

ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ಮುಂದಿನ ಮೂರು ನಾಲ್ಕು ದಿನ ಉರಿಯೂತದ ಹಂತ. ಆಗ ಬಿಳಿರಕ್ತಕಣಗಳು ಗಾಯದ ಜಾಗಕ್ಕೆ ಬಂದು ಸತ್ತ ಜೀವಕೋಶ ಮತ್ತು ರೋಗಾಣುಗಳನ್ನು ತೆರವು ಮಾಡುವುದರಿಂದ ತುಸು ಬಾವು, ಕೆಂಪು, ನೋವು ಇರುವುದು ಸಹಜ. ಅಲ್ಲಿಂದ ಸುಮಾರು ಮೂರು ವಾರದವರೆಗೆ ಹೊಸ ರಕ್ತನಾಳ ಮತ್ತು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಬೆಳೆದು ಅಂಚುಗಳನ್ನು ಬೆಸೆಯುತ್ತವೆ. ಕೊನೆಯ ಹಂತದಲ್ಲಿ ಕಲೆ ಮಾಗಿ ಗಟ್ಟಿಯಾಗುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈಗ ಬಳಸುವ ಹೊಲಿಗೆ ದಾರ ತಾನಾಗಿ ಕರಗುವಂಥದ್ದು. ಬೇಗ ಕರಗುವ ಪಾಲಿಗ್ಲಾಕ್ಟಿನ್ ದಾರ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹಿಡಿತ ಬಿಟ್ಟು, ಆರು ವಾರಗಳ ಹೊತ್ತಿಗೆ ದೇಹದಲ್ಲಿ ಲೀನವಾಗುತ್ತದೆ. ಹೊಲಿಗೆಯ ತುಣುಕು ಉದುರಿ ಬಂದುದನ್ನು ಕಂಡು ಬಾಣಂತಿಯರು ಗಾಬರಿಪಡುವುದುಂಟು. ಗಾಯ ತೆರೆದುಕೊಂಡಿಲ್ಲವಾದರೆ ಇದು ನಿರೀಕ್ಷಿತ ಬೆಳವಣಿಗೆ.

ಇದೇ ಅವಧಿಯಲ್ಲಿ ಗರ್ಭಕೋಶದಿಂದ ಹೊರಬರುವ ಸ್ರಾವವೂ ಬಣ್ಣ ಬದಲಿಸುತ್ತದೆ. ಮೊದಲ ಮೂರು ನಾಲ್ಕು ದಿನ ಕೆಂಪು, ಹತ್ತನೆಯ ದಿನದ ಆಸುಪಾಸಿನವರೆಗೆ ತಿಳಿಗೆಂಪು ಅಥವಾ ಕಂದು, ಅನಂತರ ನಾಲ್ಕರಿಂದ ಆರು ವಾರದವರೆಗೆ ಹಳದಿಮಿಶ್ರಿತ ಬಿಳಿ. ಹೀಗೆ ಪೆರಿನಿಯಂ ಗಾಯ ಸದಾ ತೇವದಲ್ಲಿರುತ್ತದೆ, ಒಂದು ಬದಿಗೆ ಈ ಸ್ರಾವ ಮತ್ತು ಮೂತ್ರ, ಇನ್ನೊಂದು ಬದಿಗೆ ಮಲದ ಸಂಪರ್ಕವಿರುತ್ತದೆ, ಮತ್ತು ಅದನ್ನು ಬ್ಯಾಂಡೇಜಿನಿಂದ ಮುಚ್ಚಿಡಲು ಬರುವುದಿಲ್ಲ. ದೇಹದ ಬೇರೆ ಭಾಗದ ಹೊಲಿಗೆಗಿಂತ ಇಲ್ಲಿ ದಿನನಿತ್ಯದ ಶುಚಿತ್ವಕ್ಕೆ ಹೆಚ್ಚು ಬೆಲೆ ಬರುವುದು ಇದೇ ಕಾರಣಕ್ಕೆ. ಅದೃಷ್ಟವಶಾತ್ ಈ ಭಾಗಕ್ಕೆ ರಕ್ತದ ಪೂರೈಕೆ ಧಾರಾಳವಾಗಿದೆ; ಹಾಗಾಗಿ ಶುಚಿಯಾಗಿ ಇಟ್ಟುಕೊಂಡ ಗಾಯ ಬಹುಪಾಲು ಎರಡು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ.

ಗಾಯದ ಸ್ಥಿತಿಯನ್ನು ಅಳೆಯಲು 1974ರಲ್ಲಿ ನ್ಯಾನ್ಸಿ ಡೇವಿಡ್‌ಸನ್ ರೂಪಿಸಿದ ರೀಡಾ ಮಾಪಕವನ್ನು ಶುಶ್ರೂಷಾ ಶಾಸ್ತ್ರದಲ್ಲಿ ಬಳಸಲಾಗುತ್ತದೆ. ಕೆಂಪಾಗಿರುವುದು, ಬಾವು, ಚರ್ಮದಡಿ ರಕ್ತ ಮಡುಗಟ್ಟಿದ ಕಲೆ, ಸ್ರಾವ, ಅಂಚುಗಳು ಕೂಡಿರುವ ಬಗೆ ಎಂಬ ಐದು ಅಂಶಗಳಿಗೆ ತಲಾ 0ಯಿಂದ 3ರವರೆಗೆ ಅಂಕ ನೀಡಿದಾಗ ಒಟ್ಟು 15 ಅಂಕಗಳಾಗುತ್ತವೆ. ಅಂಕ ಕಡಿಮೆಯಾದಷ್ಟೂ ಗಾಯ ಚೆನ್ನಾಗಿ ಮಾಯುತ್ತಿದೆ ಎಂದರ್ಥ.

ಸೋಂಕು: ಕಾರಣ ಮತ್ತು ಇತಿಹಾಸ

ಬಾಣಂತಿಯ ಜ್ವರ ಹೆರಿಗೆ ಮಾಡಿಸುವವರ ಮೂಲಕ ಹರಡುತ್ತದೆ ಎಂಬುದನ್ನು 1795ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಗಾರ್ಡನ್, 1843ರಲ್ಲಿ ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ ಬರೆದರು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಪರೀಕ್ಷೆಗೆ ಮುನ್ನ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಕಡ್ಡಾಯ ಮಾಡಿದಾಗ, ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಸ್ಟ್ರೆಪ್ಟೊಕಾಕಸ್, ಸ್ಟಫೈಲೊಕಾಕಸ್ ಮತ್ತು ಕರುಳಿನಲ್ಲಿ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯಾಗಳು ಪೆರಿನಿಯಂ ಗಾಯದ ಸೋಂಕಿಗೆ ಸಾಮಾನ್ಯ ಕಾರಣಗಳು. ಸೂಲಗಿತ್ತಿಯರ ಕಾಲದಲ್ಲಿ ದೊಡ್ಡ ಭಯವಾಗಿದ್ದ ಧನುರ್ವಾಯು, ಗರ್ಭಿಣಿಯರಿಗೆ ನೀಡುವ ಲಸಿಕೆಯಿಂದಲೂ ಶುದ್ಧ ಹೆರಿಗೆಯಿಂದಲೂ ಹಿಮ್ಮೆಟ್ಟಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಘೋಷಿಸಲಾಯಿತು.

ಸೋಂಕು ತಲೆದೋರುವುದು ಸಾಮಾನ್ಯವಾಗಿ ಹೆರಿಗೆಯ ಮೂರನೆಯ ದಿನದ ನಂತರ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯ ಬಳಿಕ ಬಾಣಂತಿಯನ್ನು 48 ಗಂಟೆ ಇರಿಸಿಕೊಳ್ಳಬೇಕೆಂಬ ನಿಯಮವಿದ್ದು, ಅದು ಪಾಲನೆಯಾದರೂ ಗಾಯ ಕೆಡುವ ದಿನಗಳು ಆಸ್ಪತ್ರೆಯ ಹೊರಗೇ ಬೀಳುತ್ತವೆ.

ಜಿಲ್ಲೆಯ ಹಿನ್ನೆಲೆ

ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳೊಂದಿಗೆ ಅಸ್ತಿತ್ವಕ್ಕೆ ಬಂದಿತು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳು ಅನಂತರ ರೂಪುಗೊಂಡವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ನೂರಕ್ಕೆ 52ರಷ್ಟಿದ್ದರೆ ಹೆಣ್ಣುಮಕ್ಕಳಲ್ಲಿ ಅದು ನೂರಕ್ಕೆ 41ರ ಆಸುಪಾಸಿನಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು ಮತ್ತು ಯಾದಗಿರಿ ಮಾತ್ರ. ಭೀಮಾ ಮತ್ತು ಕೃಷ್ಣಾ ನದಿಗಳು ಹರಿಯುವ ಈ ನೆಲದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆಗಳು ಶಹಾಪುರ, ಸುರಪುರ ಸೀಮೆಗೆ ಭತ್ತವನ್ನು ತಂದವು. ಉಳಿದೆಡೆ ತೊಗರಿ, ಜೋಳ, ಹತ್ತಿಯ ಒಣಬೇಸಾಯವೇ ಹೆಚ್ಚು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸುಗ್ಗಿ ಮುಗಿದ ಮೇಲೆ ಹಳ್ಳಿ ಮತ್ತು ತಾಂಡಾಗಳಿಂದ ಬಡ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಇಲ್ಲಿನ ಬದುಕಿನ ಭಾಗವಾಗಿದೆ.

ಆಸ್ಪತ್ರೆಗೆ ತಲುಪುವುದೇ ಒಂದು ಸಾಹಸವಾಗಿದ್ದ ಊರುಗಳೂ ಇಲ್ಲಿವೆ. ಕೃಷ್ಣಾ ನದಿಯ ನಡುಗಡ್ಡೆಯಾದ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯಿಂದ 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ನೆರವಿನಿಂದ ಪ್ರವಾಹವನ್ನು ಈಜಿ ದಾಟಿದ ಸಂಗತಿ ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಹೆರಿಗೆಗೆ ಹೀಗೆ ದಾರಿ ಮಾಡಿಕೊಂಡವರಿಗೂ ಹೊಲಿಗೆ ತೋರಿಸಲೆಂದು ಮತ್ತೊಮ್ಮೆ ಅದೇ ದಾರಿ ತುಳಿಯುವುದು ಕಷ್ಟ.

ನೀರು, ಬಚ್ಚಲು, ಶೌಚ

ಗಾಯದ ಶುಚಿತ್ವದ ಕ್ರಮ ಸರಳವಾದದ್ದು. ಬಾಣಂತಿ ಮೊದಲು ಸಾಬೂನಿನಿಂದ ಕೈ ತೊಳೆದುಕೊಂಡು, ಪ್ರತಿ ಸಲ ಮೂತ್ರ ಅಥವಾ ಮಲ ವಿಸರ್ಜನೆಯಾದ ಮೇಲೆ ತಂಬಿಗೆಯಿಂದ ಶುದ್ಧ ನೀರನ್ನು ಮುಂದಿನಿಂದ ಹಿಂದಕ್ಕೆ ಹರಿಯುವಂತೆ ಸುರಿದು, ಉಜ್ಜದೆ, ಮೆತ್ತನೆಯ ಒಣ ಬಟ್ಟೆಯಿಂದ ಮುಂದಿನಿಂದಲೇ ಹಿಂದಕ್ಕೆ ಒತ್ತಿ ತೇವ ತೆಗೆಯಬೇಕು. ಕೊನೆಗೆ ಮತ್ತೆ ಕೈ ತೊಳೆಯಬೇಕು. ದಿಕ್ಕು ತಿರುವುಮುರುವಾದರೆ ಗುದದ ಬಳಿಯ ಬ್ಯಾಕ್ಟೀರಿಯಾಗಳು ಗಾಯಕ್ಕೆ ದಾಟುತ್ತವೆ. ಕಾಯಿಸಿ ಆರಿಸಿದ ನೀರು ಸಾಕು. ನಂಜುನಿರೋಧಕ ದ್ರವವನ್ನು ಗಾಢವಾಗಿ ಬೆರೆಸಿದರೆ ಗಾಯ ಬೇಗ ಆರುತ್ತದೆ ಎಂಬ ನಂಬಿಕೆ ಸರಿಯಲ್ಲ, ಅದು ಹೊಸದಾಗಿ ಬೆಳೆಯುವ ಜೀವಕೋಶಗಳನ್ನೇ ಸುಡುತ್ತದೆ. ಬೆಚ್ಚನೆಯ ನೀರು ತುಂಬಿದ ಅಗಲ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂರುವ ಕಟಿಸ್ನಾನ ನೋವಿಗೆ ಹಿತ ನೀಡುತ್ತದೆ. ಆದರೆ ಟಬ್ಬು ಬೇರೆ ಕೆಲಸಕ್ಕೆ ಬಳಸದ, ಪ್ರತಿ ಸಲ ತೊಳೆದದ್ದಾಗಿರಬೇಕು.

ಈ ಕ್ರಮಕ್ಕೆ ಬೇಕಾದ ನೀರು ಮತ್ತು ಮರೆ ಎರಡೂ ಎಲ್ಲ ಮನೆಗಳಲ್ಲಿ ಇರುವುದಿಲ್ಲ. ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿತ್ತು. ಇವು ಕುಡಿಯುವ ನೀರಿನ ಸಮಸ್ಯೆಗಳು, ಕಾಯಿಸುವುದರಿಂದ ನೀಗುವಂಥವಲ್ಲ. ಗಾಯ ತೊಳೆಯುವ ನೀರಿನಲ್ಲಿ ಮುಖ್ಯವಾಗಿ ಇರಬಾರದ್ದು ರೋಗಾಣು, ಅದನ್ನು ಕುದಿಸಿ ಕೊಲ್ಲಬಹುದು. ಜಲಜೀವನ ಮಿಷನ್ ಅಡಿಯ ‘ಮನೆ ಮನೆಗೆ ಗಂಗೆ’ ಯೋಜನೆಯ ನಲ್ಲಿ ಬಂದ ಮನೆಗಳಲ್ಲಿಯೂ ನೀರು ಬರುವ ಹೊತ್ತಿಗೆ ಹಿಡಿದಿಡಬೇಕಾಗುವುದರಿಂದ, ಹಿಡಿದಿಟ್ಟ ಕೊಡದ ಬಾಯಿಗೆ ಮುಚ್ಚಳ, ನೀರು ತೆಗೆಯಲು ಹಿಡಿಯಿರುವ ಸೌಟು ಇವೂ ಗಾಯದ ಆರೈಕೆಯ ಸಾಮಗ್ರಿಗಳೇ. ಮನೆಯಲ್ಲಿ ಶೌಚಾಲಯವಿಲ್ಲದ, ಅಥವಾ ಇದ್ದೂ ಬಳಸದ ಕಡೆ ಬಾಣಂತಿ ಕತ್ತಲಾಗುವವರೆಗೆ ಕಾದು ಬಯಲಿಗೆ ಹೋಗಬೇಕಾಗುತ್ತದೆ. ಹಾಗೆ ತಡೆಹಿಡಿದ ಮಲ ಗಟ್ಟಿಯಾಗುತ್ತದೆ, ಕುಕ್ಕರಗಾಲಲ್ಲಿ ಕೂತು ತಿಣುಕಿದಾಗ ಹೊಲಿಗೆ ಜಗ್ಗುತ್ತದೆ, ಒಂದೇ ತಂಬಿಗೆ ನೀರಿನಲ್ಲಿ ಪೂರ್ತಿ ಶುಚಿಯಾಗುವುದೂ ಇಲ್ಲ.

ಬಟ್ಟೆ ಮತ್ತು ಪ್ಯಾಡು

ಸ್ರಾವ ಹೀರಲು ಆಸ್ಪತ್ರೆಯಲ್ಲಿ ಪ್ಯಾಡು ಬಳಸಿದರೂ ಮನೆಗೆ ಹೋದ ಮೇಲೆ ಹಳೆಯ ಹತ್ತಿ ಸೀರೆಯ ಅರಿವೆಯನ್ನು ಮಡಚಿ ಬಳಸುವ ಕುಟುಂಬಗಳು ಇನ್ನೂ ಇವೆ. ರಾಜ್ಯ ಸರ್ಕಾರ ಬಡ ಬಾಣಂತಿಯರಿಗೆ ಕೊಡುತ್ತಿದ್ದ ಮಡಿಲು ಕಿಟ್‌ನಲ್ಲಿ ಸಾಬೂನು ಮತ್ತು ಪ್ಯಾಡುಗಳು ಸೇರಿದ್ದುದಕ್ಕೆ ಈ ಅಗತ್ಯವೇ ಕಾರಣ. ಮೆತ್ತನೆಯ ಹತ್ತಿಬಟ್ಟೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಅದನ್ನು ಒಗೆದು ಒಣಗಿಸುವ ಬಗೆಯಲ್ಲಿ ಅಪಾಯವಿದೆ. ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿದರೆ ಯಾದಗಿರಿಯ ಬಿಸಿಲು ಕೆಲವೇ ಗಂಟೆಗಳಲ್ಲಿ ಅದನ್ನು ಗರಿಗರಿಯಾಗಿ ಒಣಗಿಸಿ ಬಹುಪಾಲು ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಮುಟ್ಟಿನ ಅರಿವೆಗಿರುವ ನಾಚಿಕೆ ಮತ್ತು ಮೈಲಿಗೆಯ ಭಾವ ಪುರುಡಿನ ಅರಿವೆಗೂ ಅಂಟಿಕೊಂಡಿರುವುದರಿಂದ, ಅದನ್ನು ಬಚ್ಚಲಿನ ಮೂಲೆಯಲ್ಲಿ ಅಥವಾ ಬೇರೆ ಸೀರೆಯ ಅಡಿಯಲ್ಲಿ ಗಂಡಸರ ಕಣ್ಣಿಗೆ ಬೀಳದಂತೆ ಆರಹಾಕುತ್ತಾರೆ. ಹಾಗೆ ಅರೆಬರೆ ಒಣಗಿದ ಬಟ್ಟೆ ಮರುದಿನ ನೇರವಾಗಿ ಗಾಯಕ್ಕೇ ತಾಗುತ್ತದೆ. ಬಟ್ಟೆಯಾಗಲಿ ಪ್ಯಾಡಾಗಲಿ ಸುಮಾರು ನಾಲ್ಕು ಗಂಟೆಗೊಮ್ಮೆ, ನೆನೆದರೆ ಅದಕ್ಕೂ ಮೊದಲೇ ಬದಲಾಯಿಸಬೇಕು. ಬದಲಾಯಿಸುವಾಗಲೂ ಮುಂದಿನಿಂದ ಹಿಂದಕ್ಕೆ ತೆಗೆಯುವುದು ಸರಿಯಾದ ಕ್ರಮ.

ಬಾಣಂತನದ ರೂಢಿಗಳು

ಚೊಚ್ಚಲ ಹೆರಿಗೆ ತವರುಮನೆಯಲ್ಲಾಗುವ ಪದ್ಧತಿ ಗಾಯದ ದೃಷ್ಟಿಯಿಂದ ವರವೇ ಸರಿ. ತಾಯಿಯ ಮನೆಯಲ್ಲಿ ಮಗಳಿಗೆ ವಿಶ್ರಾಂತಿ ಸಿಗುತ್ತದೆ, ಹೇಳಿಕೊಳ್ಳಲು ಸಲುಗೆ ಇರುತ್ತದೆ. ಹಸಿ ಬಾಣಂತಿಯನ್ನು ಮನೆಗೆಲಸ ಮತ್ತು ಹೊಲದ ಕೆಲಸದಿಂದ ದೂರವಿಡುವ ಕಟ್ಟುಪಾಡೂ ಹೊಲಿಗೆಗೆ ಬೀಳುವ ಜಗ್ಗುವಿಕೆಯನ್ನು ತಪ್ಪಿಸುತ್ತದೆ. ಎರಡನೆಯ, ಮೂರನೆಯ ಹೆರಿಗೆಗಳಲ್ಲಿ ಈ ರಕ್ಷಣೆ ತೆಳುವಾಗುತ್ತದೆ. ಹತ್ತಿ ಬಿಡಿಸುವ ಹಂಗಾಮು ಅಥವಾ ಗುಳೆಯ ಕಾಲ ಎದುರಾದರೆ ವಿಶ್ರಾಂತಿ ಇನ್ನಷ್ಟು ಬೇಗ ಮುಗಿಯುತ್ತದೆ. ಊರು ಬಿಟ್ಟು ಕಟ್ಟಡದ ಬದಿಯ ತಗಡಿನ ಶೆಡ್ಡಿಗೆ ಹೋದ ಬಾಣಂತಿಯ ಹೆಸರು ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಉಳಿದರೂ ಆಕೆ ಭೇಟಿಗೆ ಸಿಗುವುದಿಲ್ಲ.

ಬೇರೆ ಕೆಲವು ರೂಢಿಗಳು ಗಾಯಕ್ಕೆ ಎರಡು ಬಗೆಯ ಪರಿಣಾಮ ಬೀರುತ್ತವೆ. ಹೊರಸಿನ ಕೆಳಗೆ ಕೆಂಡವಿಟ್ಟು ಶಾಖ ಕೊಡುವುದು ಮಳೆಗಾಲದ ಥಂಡಿಗೆ ಹಿತವಾಗಬಹುದಾದರೂ, ಬೇಸಿಗೆಯಲ್ಲಿ ಬೆವರು ಹೆಚ್ಚಿಸಿ ಗಾಯವನ್ನು ಸದಾ ಹಸಿಯಾಗಿಡುತ್ತದೆ, ಹೊಗೆ ತಾಯಿಮಗು ಇಬ್ಬರಿಗೂ ಕೆಡುಕು. ಎಣ್ಣೆ ಹಚ್ಚಿ ಸುಡುನೀರು ಎರೆಯುವುದು ಬೆನ್ನು, ಕಾಲುಗಳ ನೋವು ಕಳೆಯುತ್ತದೆ. ಅದೇ ಸುಡುನೀರು ಬಾತುಕೊಂಡ ಹೊಲಿಗೆಯ ಮೇಲೆ ಬಿದ್ದರೆ ಸುಡುತ್ತದೆ. ಬೇವಿನ ತಪ್ಪಲು ಕುದಿಸಿದ ನೀರನ್ನು ಆರಿಸಿ ತೊಳೆಯಲು ಬಳಸಿದರೆ, ಬೇರೇನಿಲ್ಲದಿದ್ದರೂ ಕುದಿಸಿದ ನೀರಿನ ಲಾಭವಂತೂ ಇದೆ. ಆದರೆ ಅರಿಶಿನ, ಬೂದಿ ಅಥವಾ ಎಣ್ಣೆಯನ್ನು ಗಾಯದ ಮೇಲೆಯೇ ಹಚ್ಚುವುದು ಹೊರಗಿನ ಕೊಳೆಯನ್ನು ಒಳಗೆ ಸೇರಿಸುವುದರಿಂದ ಸಲ್ಲದು. ಕೆಲವು ಮನೆಗಳಲ್ಲಿ ನಿಗದಿತ ದಿನದವರೆಗೆ ಬಾಣಂತಿಗೆ ಸ್ನಾನವೇ ಇರುವುದಿಲ್ಲ. ಪೂರ್ತಿ ಸ್ನಾನ ಮುಂದಕ್ಕೆ ಹೋದರೂ ಗಾಯ ತೊಳೆಯುವುದು ನಿಲ್ಲಬಾರದು ಎಂಬ ವಿವರಣೆಯನ್ನು ಮನೆಯ ಹಿರಿಯ ಹೆಂಗಸರು ಸಾಮಾನ್ಯವಾಗಿ ಒಪ್ಪುತ್ತಾರೆ, ಏಕೆಂದರೆ ಇದು ಅವರ ಕಟ್ಟುಪಾಡನ್ನು ಮುರಿಯುವುದಿಲ್ಲ.

ಆಹಾರ ಮತ್ತು ರಕ್ತಹೀನತೆ

ಹೊಸ ಅಂಗಾಂಶ ಕಟ್ಟಲು ಪ್ರೋಟೀನು, ಕಬ್ಬಿಣ, ಸತು ಮತ್ತು ಸಿ ಜೀವಸತ್ವ ಬೇಕು. ಅಂಟಿನುಂಡಿ, ಅಳ್ವಿ ಪಾಯಸ, ಮೆಂತ್ಯ, ಕೊಬ್ಬರಿ ಬೆರೆತ ಉತ್ತರ ಕರ್ನಾಟಕದ ಬಾಣಂತಿ ಊಟ ಶಕ್ತಿ ಕೊಡುವಂಥದ್ದು. ಅಳ್ವಿಯಲ್ಲಿ ಕಬ್ಬಿಣವೂ ಇದೆ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡಬೇಕು, ಸೊಪ್ಪು ಮತ್ತು ಹಣ್ಣು ಥಂಡಿ ಎಂಬ ನಿಷೇಧಗಳು ಸೇರಿಕೊಂಡಾಗ ಮಲಬದ್ಧತೆಯ ಸಂಭವ ಹೆಚ್ಚು. ಹೊಲಿಗೆ ಬಿಚ್ಚೀತು ಎಂಬ ಅಂಜಿಕೆಯಿಂದ ಬಾಣಂತಿ ಊಟವನ್ನೇ ಕಡಿಮೆ ಮಾಡುವುದೂ ಉಂಟು. ಧಾರಾಳ ನೀರು, ಜೋಳದ ರೊಟ್ಟಿಯೊಂದಿಗೆ ತೊಗರಿಬೇಳೆ ಮತ್ತು ಪಲ್ಯ, ಮೊಟ್ಟೆ, ಹಾಲು ಇವು ಮಲವನ್ನು ಸಡಿಲಗೊಳಿಸಿ ಗಾಯಕ್ಕೂ ಪೋಷಣೆ ನೀಡುತ್ತವೆ. ರಕ್ತಹೀನತೆ ಇದ್ದರೆ ಗಾಯಕ್ಕೆ ತಲುಪುವ ಆಮ್ಲಜನಕ ಕಡಿಮೆಯಾಗಿ, ಮಾಯುವುದು ನಿಧಾನವಾಗಿ, ಸೋಂಕಿನ ಸಂಭವ ಹೆಚ್ಚುತ್ತದೆ. ಆದ್ದರಿಂದ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ಸೂಚನೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುತ್ತದೆ. ಗಾಯ ಹಸಿಯಾಗಿರುವ ಮೊದಲ ವಾರಗಳಲ್ಲಿ ಬಾಣಂತಿ ಹೊಸ್ತಿಲು ದಾಟುವುದಿಲ್ಲವಾದ್ದರಿಂದ ಆ ಊಟ ಮನೆಗೇ ತಲುಪಿದರೆ ಮಾತ್ರ ಗಾಯಕ್ಕೆ ಉಪಯೋಗ.

ಆರೋಗ್ಯ ವ್ಯವಸ್ಥೆ ಮತ್ತು ಮನೆಭೇಟಿ

ಯಾದಗಿರಿಯಲ್ಲಿ ಜಿಲ್ಲಾಸ್ಪತ್ರೆ, ಶಹಾಪುರ ಮತ್ತು ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆ, ಅವುಗಳ ಕೆಳಗೆ ಸಮುದಾಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022ರಲ್ಲಿ ಆರಂಭವಾಯಿತು. 2005ರ ಜನನಿ ಸುರಕ್ಷಾ ಯೋಜನೆ, 2008ರ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಮತ್ತು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮಗಳು ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು. ಹೆರಿಗೆ ಕೋಣೆಯ ಗುಣಮಟ್ಟ ಸುಧಾರಿಸಲು 2017ರಲ್ಲಿ ಲಕ್ಷ್ಯ ಕಾರ್ಯಕ್ರಮ ಬಂದಿತು. ಮನೆಯ ಹಂತದಲ್ಲಿ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ಕೊಡಬೇಕು. ಈ ಆರರಲ್ಲಿ ಮೊದಲ ಮೂರು ಭೇಟಿಗಳು ಹೊಲಿಗೆಗೆ ಸೋಂಕು ತಗಲುವ ಅಥವಾ ಬಿಚ್ಚಿಕೊಳ್ಳುವ ದಿನಗಳಿಗೆ ಸರಿಯಾಗಿ ಹೊಂದುತ್ತವೆ.

ಭೇಟಿಯ ಗಮನ ಹೆಚ್ಚಾಗಿ ಮಗುವಿನ ತೂಕ, ಹಾಲು, ಹೊಕ್ಕಳಿನ ಮೇಲೆ ಇರುತ್ತದೆ. ತಾಯಿಗೆ ಜ್ವರ, ದುರ್ವಾಸನೆಯ ಸ್ರಾವ, ಅತಿ ರಕ್ತಸ್ರಾವ ಇದೆಯೇ ಎಂದು ಕೇಳಲಾಗುತ್ತದೆ. ಆದರೆ ಗಾಯ ಇರುವ ಜಾಗದಿಂದಾಗಿ, ಅತ್ತೆ, ಮಾವ, ನೆರೆಯವರು ಕೂತಿರುವಾಗ ‘ಆರಾಮದೀನ್ರಿ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬಾಣಂತಿಯಿಂದ ಬರುವುದು ವಿರಳ. ಒಳಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿಕೊಂಡು, ಕೂರಲು ಬರುತ್ತದೆಯೇ, ಉಚ್ಚೆ ಹೊಯ್ಯುವಾಗ ಉರಿಯುತ್ತದೆಯೇ, ಹೊಲಿಗೆ ಜಗ್ಗುತ್ತದೆಯೇ, ಅರಿವೆ ಎಲ್ಲಿ ಒಣಗಿಸುತ್ತೀ ಎಂದು ಬಿಡಿಬಿಡಿಯಾಗಿ ಕೇಳಿದಾಗ ವಿಷಯ ತಿಳಿಯುತ್ತದೆ. ಅನುಮಾನ ಬಂದಲ್ಲಿ ಗಾಯವನ್ನು ನೋಡುವ ಕೆಲಸ ಉಪಕೇಂದ್ರದ ದಾದಿ ಅಥವಾ ವೈದ್ಯರದು.

ಚಿಕಿತ್ಸೆ ಮತ್ತು ಅಪಾಯದ ಲಕ್ಷಣಗಳು

ನೋವಿಗೆ ಪ್ಯಾರಸಿಟಮಾಲ್, ಮೊದಲ ದಿನಗಳ ಬಾವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ತಂಪು ಇವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಥಂಡಿಯ ಭಯವಿರುವ ಮನೆಗಳಲ್ಲಿ ಎರಡನೆಯದನ್ನು ಒಪ್ಪಿಸುವುದು ಸುಲಭವಲ್ಲವಾದ್ದರಿಂದ, ಆಸ್ಪತ್ರೆಯಲ್ಲಿರುವಾಗಲೇ ಅದನ್ನು ಮಾಡಿ ಮುಗಿಸುವುದು ಅನುಕೂಲ. ಎಪಿಸಿಯೊಟಮಿ ಆದವರೆಲ್ಲರಿಗೂ ಮುಂಜಾಗ್ರತೆಯೆಂದು ಪ್ರತಿಜೀವಕ ಔಷಧ ಕೊಡುವುದು ಅಗತ್ಯವಿಲ್ಲ. ಮೂರು ಮತ್ತು ನಾಲ್ಕನೆಯ ದರ್ಜೆಯ ಸೀಳಿಗೆ ಮಾತ್ರ ಅದರ ಶಿಫಾರಸು ಇದೆ. ಹೊಲಿಗೆ ಬಿಚ್ಚಿದ ಗಾಯವನ್ನು ಸೋಂಕು ಹೋಗುವವರೆಗೆ ಶುಚಿಗೊಳಿಸಿ ತಾನಾಗಿ ತುಂಬಿಕೊಳ್ಳಲು ಬಿಡುತ್ತಾರೆ, ಇಲ್ಲವೇ ಮತ್ತೆ ಹೊಲಿಯುತ್ತಾರೆ.

ಜ್ವರ ಮತ್ತು ಚಳಿ, ಗಾಯದಿಂದ ಕೀವು, ಕೆಟ್ಟ ವಾಸನೆಯ ಸ್ರಾವ, ದಿನ ಕಳೆದಂತೆ ಕಡಿಮೆಯಾಗುವ ಬದಲು ಹೆಚ್ಚುವ ನೋವು ಅಥವಾ ಬಾವು, ಅಂಚುಗಳು ಬೇರ್ಪಡುವುದು, ಮಲ ಅಥವಾ ವಾಯುವನ್ನು ತಡೆಯಲಾಗದಿರುವುದು, ಮೂತ್ರ ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಲಹೆಗೆ 104, ವಾಹನಕ್ಕೆ 108 ಸಂಖ್ಯೆಗಳಿವೆ. ಬಾಣಂತಿ ಅಸಂಬದ್ಧವಾಗಿ ಮಾತಾಡುತ್ತ ಜ್ವರದಿಂದ ನಡುಗಿದರೆ ಅದನ್ನು ಬಾಣಂತಿ ಸನ್ನಿ ಎಂದು ಮಂತ್ರಿಸಲು ಒಯ್ಯುವುದುಂಟು. ಅದು ಸೋಂಕು ರಕ್ತಕ್ಕೆ ಸೇರಿದ ಲಕ್ಷಣವೂ ಆಗಿರಬಹುದು, ಆಗ ಕೆಲವೇ ಗಂಟೆಗಳ ತಡವೂ ಜೀವಕ್ಕೆ ಎರವಾಗಬಹುದು.

ಹೆರಿಗೆ ಆಸ್ಪತ್ರೆಯಲ್ಲಾಯಿತೇ ಎಂಬುದನ್ನು ಸರ್ಕಾರಿ ದಾಖಲೆಗಳು ಎಣಿಸುತ್ತವೆ. ಹೊಲಿಗೆ ಕೂಡಿತೇ ಎಂಬುದನ್ನು ಅಷ್ಟು ಶ್ರದ್ಧೆಯಿಂದ ಎಣಿಸುವುದಿಲ್ಲ. ಯಾದಗಿರಿಯಂಥ ಜಿಲ್ಲೆಯಲ್ಲಿ ಈ ಕೊರತೆಯನ್ನು ತುಂಬಲು ಹೊಸ ಯಂತ್ರ ಬೇಕಿಲ್ಲ. ಬಿಡುಗಡೆಯ ಮುನ್ನ ಬಾಣಂತಿಗೂ ಆಕೆಯ ತಾಯಿ ಅಥವಾ ಅತ್ತೆಗೂ ಒಟ್ಟಿಗೆ ತೊಳೆಯುವ ಕ್ರಮ ತೋರಿಸುವುದು, ಆರೈಕೆಯ ವಿವರ ದಾಖಲಿಸುವ ತಾಯಿ ಕಾರ್ಡಿನಲ್ಲಿ ಸೀಳಿನ ದರ್ಜೆ ಬರೆಯುವುದು, ಮೂರನೆಯ ಮತ್ತು ಏಳನೆಯ ದಿನದ ಭೇಟಿಯಲ್ಲಿ ಗಾಯದ ಬಗ್ಗೆ ಮರೆಯಲ್ಲಿ ವಿಚಾರಿಸುವುದು, ಗುಳೆ ಹೋಗುವ ಬಾಣಂತಿಯ ಕೈಯಲ್ಲಿ ಆ ಕಾರ್ಡು ಇರುವಂತೆ ನೋಡಿಕೊಳ್ಳುವುದು ಈಗಿರುವ ವ್ಯವಸ್ಥೆಯೊಳಗೇ ಸಾಧ್ಯವಾಗುವ ಕೆಲಸಗಳು.